ಹೊತ್ತು ಮುಳುಗಿದ ಮೇಲಿನ ಇಂಜೆಕ್ಷನ್

ಈ ವರ್ಷ, 1988ರ ಆಗಸ್ಟ್ ಮೊದಲ ವಾರ, ರಾಯಬಾಗದ ನಮ್ಮ ಮನೆಯ ಹಿತ್ತಲಲ್ಲಿ ಅವ್ವನ ಬಲಗಾಲಿನ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿತು. ಆಕೆಗೆ ಅದು ಗೊತ್ತೇ ಆಗಲಿಲ್ಲ. ಹಳೆಯ ಡಯಾಬಿಟಿಸ್ ಪಾದದ ಅರಿವನ್ನು ಎಂದೋ ತಿಂದುಹಾಕಿತ್ತು. ನಾಲ್ಕನೆಯ ದಿನ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು ಮೊದಲು ನೋಡಿದವಳು ನನ್ನ ಹೆಂಡತಿ.

"ಏನೂ ನೋವಿಲ್ಲ ಬಿಡ," ಎಂದಳು ಅವ್ವ.

ನೋವಿಲ್ಲದಿರುವುದೇ ಕಾಯಿಲೆ ಎಂದರು ದವಾಖಾನೆಯ ಡಾಕ್ಟರು. ಗ್ಯಾಂಗ್ರೀನ್ ಆಗಬಹುದು ಎಂದೂ ಹೇಳಿದರು.

ನಾನು ಬೆಳಗಾವಿಯ ಒಂದು ದಿನಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುವವನು. ಹೇಳಿದ್ದನ್ನು ಹೇಳಿದ ಕೂಡಲೇ ಬರೆದುಕೊಳ್ಳುವುದು ರೂಢಿ. ಅಂದೂ ಬರೆದುಕೊಂಡೆ. ದಿನಕ್ಕೆ ನಾಲ್ಕು ಕ್ಯಾಪ್ಸೂಲ್, ಆರು ತಾಸಿಗೊಂದು. ದಿನಾ ಡ್ರೆಸಿಂಗ್. ನಡೆಯಕೂಡದು. ಹತ್ತು ದಿನದಲ್ಲಿ ಇಳಿಯದಿದ್ದರೆ ಬೆರಳು ತೆಗೆಯಬೇಕು. ಸೋಂಕು ಮೇಲೇರಿದರೆ ಬೆರಳಿಗೆ ಮುಗಿಯಲಿಕ್ಕಿಲ್ಲ.

ಅವ್ವ ನಡೆಯಬಾರದು ಎಂದ ಮೇಲೆ ಡ್ರೆಸಿಂಗಿಗೆ ದವಾಖಾನೆಗೆ ಬರುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅಲ್ಲೇ ಹತ್ತಿ ಸುತ್ತುತ್ತಿದ್ದ ನರ್ಸು ರೂಥಬಾಯಿ, "ಆಯಿ ಬರೂದ್ಯಾಕ, ನಾನ ಬರ್ತೀನಲ್ರಿ," ಎಂದರು. ಐವತ್ತು ದಾಟಿದ ಕ್ರಿಶ್ಚಿಯನ್ ಹೆಂಗಸು. ಹಗಲಿಡೀ ಡ್ಯೂಟಿ. ಮನೆ ಊರಿನ ಇನ್ನೊಂದು ತುದಿಗೆ. ಬರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮದು ಜೈನ ಮನೆ. ಕ್ರಿಶ್ಚಿಯನ್ ನರ್ಸು ದಿನಾ ಬಂದರೆ ಒಂದಲ್ಲ ಒಂದು ದಿನ ತಮ್ಮ ಧರ್ಮದ ಮಾತು ತೆಗೆದೇ ತೆಗೆಯುತ್ತಾರೆ ಎಂಬುದು ನನ್ನ ಬಾಬು ಕಾಕಾನ ಖಚಿತ ಅಭಿಪ್ರಾಯ. ಕಾಕಾ ಎಂದರೆ ಅಪ್ಪನ ತಮ್ಮ, ಪಕ್ಕದ ಮನೆಯವನು. ಉತ್ತರಗಳನ್ನು ಸಿದ್ಧಪಡಿಸಿಕೊಂಡು ಮೊದಲ ದಿನವೇ ಬಾಗಿಲ ಬಳಿ ಖುರ್ಚಿ ಹಾಕಿ ಕಾವಲು ಕುಳಿತ. ರೂಥಬಾಯಿ ಬಂದರು. ಹಳೆಯ ಬ್ಯಾಂಡೇಜ್ ಬಿಚ್ಚಿದರು. ಸುತ್ತ ನೋಡಿದರು.

"ಕಾಕಾ, ಖಾಲಿ ಕುಂತೀರಲ್ರಿ. ಈ ಬೇಸನ್ ಹಿಡೀರಿ."

ಕಾಕಾ ಹಿಡಿದ. ಬೇಸನ್ನಿಗೆ ಬಿದ್ದದ್ದನ್ನು ನೋಡಿದ ಮೇಲೆ ಅಂದು ಅವನು ಯಾವ ಧರ್ಮದ ಬಗ್ಗೆಯೂ ಮಾತಾಡಲಿಲ್ಲ.

ಔಷಧ ಶುರುವಾದ ಆರನೆಯ ದಿನ ಬೆರಳಿನ ತುದಿ ಕಪ್ಪಾಯಿತು. ಕೆಂಪು ಕಣಕಾಲ ಗಂಟಿನ ತನಕ ಏರಿತ್ತು. ಡಾಕ್ಟರು ಹತ್ತು ದಿನ ಕಾಯಲು ಒಪ್ಪಲಿಲ್ಲ.

ಸೋಮವಾರ ಮಿರಜದ ದೊಡ್ಡ ದವಾಖಾನೆಗೆ ಒಯ್ಯಿರಿ, ಬೆರಳು ತೆಗೆಸಿರಿ ಎಂದರು.

ಅಂದು ಶುಕ್ರವಾರ. ಸಂಜೆ ರೂಥಬಾಯಿ ಡ್ರೆಸಿಂಗ್ ಮುಗಿಸಿ, ಉಳಿದ ಕ್ಯಾಪ್ಸೂಲು ತರಿಸಿ ಎಣಿಸಿದರು. ಲೆಕ್ಕ ಸರಿ ಇತ್ತು. ಒಂದೂ ತಪ್ಪಿಲ್ಲ.

"ಆಯಿ, ನಡುರಾತ್ರಿ ಗುಳಿಗಿಗೆ ನಿಮ್ಮನ್ನ ಯಾರು ಎಬ್ಬಸ್ತಾರ?"

"ರಾತ್ರಿ?" ಅವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೊತ್ತ ಮುಳುಗಿದ ಮ್ಯಾಲ ನಾವು ಬಾಯಾಗ ನೀರ ಸೈತ ಹಾಕೂದಿಲ್ಲಲ್ಲ ಬಾಯಿ. ಹೊತ್ತ ಹುಟ್ಟತ್ಲೆ ಒಂದು, ಮುಳುಗೂದ್ರಾಗ ಒಂದು, ನಡುವ ಎರಡು. ನಾಕ ಆತಲ್ಲ?"

ಆಗಿತ್ತು. ನಾಲ್ಕು ಕ್ಯಾಪ್ಸೂಲೂ ಹನ್ನೆರಡು ತಾಸಿನೊಳಗೆ ಹೊಟ್ಟೆ ಸೇರುತ್ತಿದ್ದವು. ಉಳಿದ ಹನ್ನೆರಡು ತಾಸು ಔಷಧಕ್ಕೆ ರಜೆ. ನಾನು ದಿನಾ ಸಂಖ್ಯೆ ಪರಿಶೀಲಿಸಿದ್ದೆ, ಸಮಯ ಪರಿಶೀಲಿಸಿರಲಿಲ್ಲ. ಬೇರೆಯವರ ವರದಿಯಲ್ಲಿ ಇಂಥ ತಪ್ಪು ಕಂಡರೆ ನಾನು ನಗುತ್ತೇನೆ.

ಕಾಕಾ ತಕ್ಷಣ ಧರ್ಮದಲ್ಲಿ ವಿನಾಯಿತಿ ಹುಡುಕಿದ. "ವೈನಿ, ಔಷಧಕ್ಕ ನಡೀತೈತಿ. ಬಸದ್ಯಾಗ ಮುನಿ ಮಹಾರಾಜರನ್ನ ಕೇಳ್ಕೊಂಡ ಬರ್ತೀನಿ."

"ಅವರು ಹ್ಞೂ ಅಂದ್ರೂ ನಾ ಒಲ್ಲೆ. ನೇಮ ನಂದು, ಅವರ್ದಲ್ಲ. ಎಪ್ಪತ್ತ ವರ್ಷ ಆತು. ಒಂದ ಹೆಬ್ಬಟ್ಟಿನ ಸಲುವಾಗಿ ಬಿಡ್ಲೇನು?"

"ಬಟ್ಟಿಗೇ ನಿಲ್ಲೂದಿಲ್ಲವ್ವಾ, ಕಾಲ ಹೋಗ್ತೈತಿ," ಎಂದೆ.

"ಹೋದ್ರ ಹೋಗ್ಲಿ. ಗಾಡ್ಯಾಗ ಕುಂತ ಬಸದಿಗೆ ಹೋಗಾಕ ಬರೂದಿಲ್ಲೇನು?"

ರೂಥಬಾಯಿ ವಾದಕ್ಕೆ ಇಳಿಯಲೇ ಇಲ್ಲ. ಸುತ್ತಿದ ಬಟ್ಟೆಯ ಗಂಟು ಸರಿಮಾಡುತ್ತ, "ಬಾಯಾಗ ಹಾಕೂದ ಬ್ಯಾಡ್ರಿ ಆಯಿ," ಎಂದರು. "ಸೊಂಟಕ್ಕ ಹಾಕೂಣು."

ಡಾಕ್ಟರು ಮೊದಲು ನನ್ನನ್ನು ಬೈದರು. ನಂತರ ಕ್ಯಾಪ್ಸೂಲು ಬಿಡಿಸಿ ಹನ್ನೆರಡು ತಾಸಿಗೊಂದು ಇಂಜೆಕ್ಷನ್ ಬರೆದುಕೊಟ್ಟರು. ಮಿರಜವನ್ನು ಗುರುವಾರಕ್ಕೆ ಮುಂದೂಡಿದರು. ಅಷ್ಟರಲ್ಲಿ ಕೆಂಪು ಇಳಿಯಬೇಕು.

ಇಂಜೆಕ್ಷನ್ ಊಟವೋ ಅಲ್ಲವೋ ಎಂಬ ಚರ್ಚೆ ಮರುದಿನ ಓಣಿಯಲ್ಲಿ ಮಧ್ಯಾಹ್ನದ ತನಕ ನಡೆಯಿತು. ಹೊಟ್ಟೆಗೆ ಇಳಿಯುವುದಿಲ್ಲ, ನಾಲಿಗೆಗೆ ರುಚಿ ಇಲ್ಲ, ತೇಗೂ ಬರುವುದಿಲ್ಲ, ಆದ್ದರಿಂದ ಊಟವಲ್ಲ ಎಂದು ಕಾಕಾ ತೀರ್ಪು ಕೊಟ್ಟ. ಅವ್ವ ಒಪ್ಪಿದಳು. ಆದರೆ ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಹುಳ ಬೆಂಕಿಗೆ ಬಂದು ಬಿದ್ದು ಸಾಯುತ್ತವೆ. ಗಾಜಿನ ಸಿರಿಂಜು ಕುದಿಸುವುದೆಲ್ಲಿ? ರೂಥಬಾಯಿ ಅದನ್ನು ತಮ್ಮ ಮನೆಯಲ್ಲೇ ಕುದಿಸಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಸೆರಗಿನ ಮರೆಯಲ್ಲಿ ಹಿಡಿದು ಮಳೆಯಲ್ಲಿ ನಡೆದು ಬಂದರು. ಬೆಳಿಗ್ಗೆ ಏಳೂವರೆಗೆ ಒಮ್ಮೆ, ಸಂಜೆ ಏಳೂವರೆಗೆ ಒಮ್ಮೆ. ಸಂಜೆ ಬಂದವರಿಗೆ ಒಂದು ಕಪ್ ಚಹಾ ಕೊಡಲಾಗದ್ದು ಅವ್ವನಿಗೆ ಬೆರಳಿಗಿಂತ ದೊಡ್ಡ ಸಂಕಟವಾಯಿತು.

"ನೀರರ ಕುಡೀ ಬಾಯಿ. ನಿನಗೇನ್ ನೇಮ ಐತಿ?"

"ನೀವು ಕುಡೀಲಾರದ ಹೊತ್ತಿನ್ಯಾಗ ನಾ ಯಾಕ ಕುಡೀಲ್ರಿ?"

ಕರೆಂಟು ಹೋಗುತ್ತಿತ್ತು. ಕಾಕಾ ಬ್ಯಾಟರಿ ಹಿಡಿಯುತ್ತಿದ್ದ. ಮಂಗಳವಾರದ ಹೊತ್ತಿಗೆ ಅವನ ತಾಳ್ಮೆ ಮುಗಿಯಿತು. ಸಿದ್ಧಪಡಿಸಿಕೊಂಡ ಉತ್ತರಗಳು ಹಾಗೇ ಉಳಿದಿದ್ದವು. ಪ್ರಶ್ನೆಯೇ ಬಂದಿರಲಿಲ್ಲ.

"ಏನ್ ಬಾಯಾರ, ಹತ್ತ ದಿನ ಆತು. ನಿಮ್ಮ ಯೇಸುಸ್ವಾಮಿ ಸುದ್ದಿ ಯಾವಾಗ ತಗೀತೀರಿ?"

ಅವರು ತಲೆ ಎತ್ತಲಿಲ್ಲ. ಬೆರಳುಗಳ ಸಂದಿಯನ್ನು ಹತ್ತಿಯಿಂದ ಒರೆಸುತ್ತಿದ್ದರು.

"ನಮ್ಮ ಸ್ವಾಮಿ ಒಂದ ಸಂಜೀಕ ಹನ್ನೆರಡ ಮಂದೀದು ಕಾಲ ತೊಳದಿದ್ದಾರಂತ್ರಿ. ನಂದು ಇನ್ನಾ ಒಬ್ಬರದ ಮುಗದಿಲ್ಲ. ಮುಗೀಲಿ, ಹೇಳ್ತೀನಿ. ಬ್ಯಾಟರಿ ಈ ಕಡೆ ಹಿಡೀರಿ."

ಕಾಕಾ ಹಿಡಿದ. ಅವ್ವ ನಕ್ಕಳು. ಮುಳ್ಳು ಚುಚ್ಚಿದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

ಗುರುವಾರ ಡಾಕ್ಟರು ಕಣಕಾಲ ಗಂಟನ್ನು ಒತ್ತಿ ನೋಡಿದರು. ಪಾದವನ್ನು ಒತ್ತಿದರು. ಮತ್ತೆ ಗಂಟಿಗೆ ಬಂದರು. ಕೆಂಪು ಬೆರಳಿನ ಬುಡಕ್ಕೆ ಇಳಿದಿತ್ತು.

ಮಿರಜ ರದ್ದಾಯಿತು.

ಇಂಜೆಕ್ಷನ್ ಒಟ್ಟು ಮೂರು ವಾರ ನಡೆಯಿತು. ಆ ದಿನಗಳಲ್ಲಿ ನಾನು ಕಲಿತದ್ದು ಕಡಿಮೆ. ಮನೆಯಲ್ಲಿ ಒಬ್ಬರು ಮಲಗಿದರೆ ಉಳಿದವರು ಆ ಕಾಯಿಲೆಯ ಸುತ್ತಲೇ ಊಟ, ನಿದ್ದೆ, ಜಗಳ ಎಲ್ಲವನ್ನೂ ಹೊಂದಿಸಿಕೊಳ್ಳುತ್ತಾರೆ. ಗಡಿಯಾರವನ್ನು ಮಾತ್ರ ಯಾರೂ ನೋಡುವುದಿಲ್ಲ, ಅದನ್ನು ನೋಡಲು ಹೊರಗಿನವರು ಬೇಕಾಯಿತು. ರೂಥಬಾಯಿಗೆ ಋಣಿ ಎಂದು ಅವ್ವನೆದುರು ಒಮ್ಮೆ ಹೇಳಿದೆ. "ಅದನ್ನ ನನ್ನ ಮುಂದ ಹೇಳಿದ್ರೇನ ಬಂತು? ಆಕೀ ಮುಂದ ಹೇಳ," ಎಂದಳು. ಹೇಳಿದೆ. ರೂಥಬಾಯಿ ಕೇಳಿಸಿಕೊಂಡು, ನಾಳೆಗೆ ಹತ್ತಿ ತರಿಸಿಡಲು ತಿಳಿಸಿದರು.

ಅಕ್ಟೋಬರ್‌ನಲ್ಲಿ ಡಾಕ್ಟರು ಗಾಯ ಮುಚ್ಚಿದೆ ಎಂದು ಚೀಟಿಯಲ್ಲಿ ಬರೆದರು. ಬೆರಳು ಇದೆ. ತುದಿಯ ಸ್ವಲ್ಪ ಭಾಗ ಹೋಗಿದೆ. ಉಗುರು ಬಂದಿಲ್ಲ, ಬರುವ ಭರವಸೆಯನ್ನೂ ಅವರು ಕೊಟ್ಟಿಲ್ಲ.

ಕಳೆದ ಭಾನುವಾರ ರೂಥಬಾಯಿ ಚರ್ಚು ಮುಗಿಸಿ ನೇರ ನಮ್ಮ ಮನೆಗೆ ಬಂದರು. ಅವ್ವ ಯಾರನ್ನೂ ಹಿಡಿಯದೆ ಪಡಸಾಲೆಯಿಂದ ಅಡುಗೆಮನೆಯ ತನಕ ನಡೆದಳು. ಹದಿನೆಂಟು ಹೆಜ್ಜೆ ಎಂದು ಕಾಕಾ ಹೇಳುತ್ತಾನೆ. ಹದಿನೇಳು ಎಂದು ರೂಥಬಾಯಿ. ನಾನು ಎರಡನ್ನೂ ಬರೆದುಕೊಂಡಿದ್ದೇನೆ.