ಒಂದೇ ತಾಟು

ತೊಂಬತ್ತು ದಾಟಿ ತೀರಿಕೊಂಡ ತಾತನ ಹನ್ನೊಂದನೇ ದಿನದ ಊಟ. ಮಾನ್ವಿ ಊರಿನ ನಮ್ಮ ಮನೆಯಲ್ಲೆಲ್ಲ ಪುಂಡಿಪಲ್ಯದ ಹುಳಿ ವಾಸನೆ. ಬಂದವರದೆಲ್ಲ ಒಂದೇ ಮಾತು: "ಜಗಳಾಡಿದೋರನ್ನ ಒಂದೇ ತಾಟಿನಾಗ ಉಣಿಸಿ ಕಳಸ್ತಿದ್ರು ಯಜಮಾನ್ರು."

ನಿಜ. ಉಂಡ ಮೇಲೆಯೇ ತಾತ ನ್ಯಾಯಕ್ಕೆ ಕೂರುತ್ತಿದ್ದರು. ಆದರೆ ನನ್ನನ್ನು ಕಾಡುತ್ತಿರುವುದು ನಾನು ಚಿಕ್ಕವಳಿದ್ದಾಗಿನ ಬೇರೊಂದು ಮಧ್ಯಾಹ್ನ. ಹೊಲದ ಬದುವಿಗಾಗಿ ಮಾತು ಬಿಟ್ಟಿದ್ದ ತಾತನ ತಮ್ಮ, ನಮ್ಮ ಸಣ್ಣತಾತ, ಗಬ್ಬೂರಿನಿಂದ ತಾವಾಗಿಯೇ ಬಂದಿದ್ದರು. ಅಜ್ಜಿ ಇಬ್ಬರ ನಡುವೆ ಒಂದೇ ತಾಟು ಇಟ್ಟಳು. ತಾತ ಎದ್ದು ರೈಸ್‌ಮಿಲ್ಲಿಗೆ ಹೋಗಿಬಿಟ್ಟರು.

"ಊರಿಗೆಲ್ಲಾ ಉಣಸ್ತಾನ ನಮ್ಮಣ್ಣ! ನೀನರ ಬಾ ಯವ್ವಾ, ಕುಂದ್ರು," ಎಂದು ಸಣ್ಣತಾತ ನನ್ನನ್ನು ಕರೆದರು.

ನಾನು ಕೂರಲಿಲ್ಲ. ತಾತ ಬೈದಾರೆಂಬ ಭಯವೋ, ನಾನು ಅವರ ಕಡೆಯವಳೆಂಬ ಜಂಬವೋ, ಇಂದಿಗೂ ತಿಳಿಯದು. ಸಣ್ಣತಾತ ಉಣ್ಣದೆ ಬಸ್ಸಿಗೆ ನಡೆದರು. ಮತ್ತೆಂದೂ ಬರಲಿಲ್ಲ.

ಇವತ್ತು ಪಲ್ಯ ಬಡಿಸುತ್ತಿದ್ದ ಅಪ್ಪನನ್ನು ಕೇಳಿದೆ: "ಸಣ್ಣತಾತಗ ಹೇಳಿ ಕಳಿಸೀರೇನಪ್ಪಾ?"

"ಮೊದಲು ಮಂದಿ ಉಣ್ಲಿ, ತಡಿಯವ್ವಾ."

ತಡೆಯಲಾಗಲಿಲ್ಲ. ಗಬ್ಬೂರಿಗೆ ನಾನೇ ಫೋನ್ ಮಾಡಿ, ಬರ್ರಿ ಎಂದೆ.

"ಹನ್ನೊಂದು ದಿನ ಆತು," ಎಂದರು ಸಣ್ಣತಾತ. "ದಿನಾ ಮುಂಜಾನೆ ಒಗದ ದೋತ್ರ ಉಟ್ಟು ಕುಂದರ್ತೀನವ್ವಾ, ಯಾರರ ಕರೀತಾರಂತ."