ಕೆಂಪು ದಾರದ ಗುರೆಳ್ಳು

ಭರಮಣ್ಣನ ಮುತ್ತಜ್ಜ ಬಂಡೆಪ್ಪ ಖಾನಾಪುರದ ಅಡವಿಯಲ್ಲಿ ಒಂದು ಹುಳವನ್ನೂ ಸುಡದೆ ಜೇನು ಇಳಿಸಿದವನು. ಅಜ್ಜ ಕಲ್ಲಪ್ಪ ಆ ಹುಳಗಳನ್ನು ಪೆಟ್ಟಿಗೆಗೆ ಪಳಗಿಸಿದವನು. ಅಪ್ಪ ರಾಮಲಿಂಗನನ್ನಂತೂ, ಎಣ್ಣೆಕಾಳಿನ ಗುರೆಳ್ಳು ಹೂವಾದಾಗ ಪಾರಿಶ್ವಾಡದ ರೈತರು ಚಕ್ಕಡಿ ಕಳಿಸಿ ಪೆಟ್ಟಿಗೆ ಸಮೇತ ಕರೆಸಿಕೊಳ್ಳುತ್ತಿದ್ದರು. ಗುರೆಳ್ಳಿನ ಗಿಡ ತನ್ನ ಪರಾಗವನ್ನು ತಾನೇ ಒಲ್ಲದು; ಬೇರೆ ಗಿಡದ್ದನ್ನು ಜೇನು ತಂದರೇ ಕಾಳು. ಆ ಕರೆ ಭರಮಣ್ಣನಿಗೂ ವರ್ಷ ತಪ್ಪದೆ ಬರುತ್ತಿತ್ತು. ಅದೇ ಅವನ ಮರ್ಯಾದೆ.

ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ ಹೊಸ ತಳಿ ಬೆಳೆಸುವ ಪ್ರಮಿಳಾ ಬೆಳಗಾವಿಯಿಂದ ಬಂದು ಅವನ ಹೊಲದ ಪಕ್ಕದಲ್ಲೇ ಗುರೆಳ್ಳು ಹಾಕಿದಳು. ಸಸಿಗಳ ಎಲೆ ಚಿವುಟಿ ಒಯ್ದು ಪರೀಕ್ಷಿಸಿ, ಕೆಲವಕ್ಕೆ ಕೆಂಪು ದಾರ ಕಟ್ಟಿದಳು.

"ಇವುಕ್ಕಷ್ಟ ಯಾಕವಾ ಉಡದಾರ?" ಎಂದ ಭರಮಣ್ಣ.

"ಇವುಗಳ ಎಲಿಯೊಳಗ ಒಂದು ಗುರುತು ಸಿಕ್ಕೈತ್ರಿ, ಕಾಕಾ. ಅದಿದ್ದ ಗಿಡ ತನ್ನ ಪರಾಗದಿಂದ್ಲೇ ಕಾಳು ಕಟ್ಟತೈತಿ ಅನಸತೈತಿ. ಜೇನು ಬ್ಯಾಡ."

ಜೇನು ಬ್ಯಾಡ! ಆ ಮಾತು ಹೊಕ್ಕದ್ದೇ ತಡ, ಭರಮಣ್ಣ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಖಾನಾಪುರದಲ್ಲಿ ಬಸ್ಸು ಹಿಡಿದು ಬೆಳಗಾವಿಯ ಅವಳ ಪ್ರಯೋಗಾಲಯಕ್ಕೇ ಹೋದ. ಪ್ರಮಿಳಾ ತೋರಿಸಿದ ಎಲೆ ಪರೀಕ್ಷೆಯ ಕಪ್ಪು ಚಿತ್ರದಲ್ಲಿ ದಾರ ಕಟ್ಟಿದ ಸಸಿಗಳಿಗಷ್ಟೇ ಒಂದು ಬಿಳಿ ಗೆರೆ ಹೆಚ್ಚಿಗಿತ್ತು; ಅದೇ ಆ ಗುರುತು.

"ಈ ಒಂದು ಗೆರಿ ನನ್ನ ಹುಳದ ಕೆಲಸಾ ಕಸೀತೈತೇನು?" ಎಂದು ಎದ್ದು ಬಂದ.

ಹೂವಿನ ಕಾಲಕ್ಕೆ ಪ್ರಮಿಳಾ ಪ್ರತಿ ಗಿಡದ ಕೆಲವು ಮೊಗ್ಗುಗಳಿಗೆ ಹುಳ ನುಗ್ಗದಂತೆ ತೆಳು ಬಟ್ಟೆಯ ಚೀಲ ಕಟ್ಟಿ, ಉಳಿದವನ್ನು ಹಾಗೇ ಬಿಟ್ಟಳು. ಭರಮಣ್ಣನಿಗೆ ದಿನವೂ ಆ ಬದುವೇ ದಾರಿ. ಒಂದು ಮಧ್ಯಾಹ್ನ ಚೀಲ ಬಿಚ್ಚಲು ಕೈಯನ್ನೇ ಹಾಕಿದ. ತನ್ನ ಹುಳಗಳೇ ನುಗ್ಗಿ ಪರೀಕ್ಷೆ ಕೆಡಿಸಲಿ ಎಂದು. ಬುತ್ತಿ ತಂದ ಹೆಂಡತಿ ಸಾತವ್ವ ಹಿಂದೆ ನಿಂತಿದ್ದಳು.

"ಬಂಡೆಪ್ಪಜ್ಜನ ಮನಿತನದಾಗ ಕಳ್ಳತನಾ ಯಾವಾಗ ಹೊಕ್ಕಿತ್ರಿ?"

ಕೈ ಹಿಂದೆ ಬಂತು.

ಚೀಲ ಬಿಚ್ಚಿದ ದಿನ ದಾರವಿಲ್ಲದ ಗಿಡಗಳಲ್ಲಿ ಬರೀ ಜೊಳ್ಳು. ಕೆಂಪು ದಾರದ ಮೊದಲ ಗಿಡದಲ್ಲೂ ಜೊಳ್ಳೇ. ಭರಮಣ್ಣನ ಮೀಸೆ ಅರಳಿತು. "ನಿನ್ನ ಗುರುತು ಸುಳ್ಳಾತಲ್ಲವಾ!"

"ಒಂದೆರಡು ತಪ್ಪತಾವ್ರಿ," ಎಂದು ಪ್ರಮಿಳಾ ದಾರದ ಮುಂದಿನ ಗಿಡದ ಒಣಗಿದ ಹೂ ತಿಕ್ಕಿದಳು. ಅಂಗೈಯಲ್ಲಿ ಮಿರಿಮಿರಿ ಕರಿಕಾಳು. ಅದರ ಮುಂದಿನದೂ ಹಾಗೆಯೇ, ಅದರ ಮುಂದಿನದೂ.

ಅವನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅದೇ ಗಿಡದ ಚೀಲವಿಲ್ಲದ, ತಡವಾಗಿ ಅರಳಿದ ಹೂವಿಗೆ ಅವನ ಹುಳವೊಂದು ಬಂದು ಕೂತು, ಕಾಲಿಗೆಲ್ಲ ಹಳದಿ ಬಳಿದುಕೊಂಡು ಎದ್ದಿತು. ಗಿಡಕ್ಕೆ ಜೇನು ಬೇಡವಾದರೂ ಜೇನಿಗೆ ಗಿಡ ಬೇಕೇ ಬೇಕು. ಅಂದರೆ ರೈತರು ಈ ಬೀಜ ಬಿತ್ತಿದರೆ ಇನ್ನು ಚಕ್ಕಡಿ ಬರುವುದಿಲ್ಲ. ತಾನೇ ಅವರಿವರ ಬದುವಿಗೆ ಹೋಗಿ ಪೆಟ್ಟಿಗೆ ಇಡಲು ಜಾಗ ಕೇಳಬೇಕು.

ಅವನ ಸಂಕಟ ಪ್ರಮಿಳಾಳಿಗೆ ಹೊಳೆಯಿತು. "ಕಾಕಾ, ಈ ಬೀಜಾ ಕೊಡೂವಾಗ ರೈತರಿಗೆ ನಾನ ಹೇಳತೇನ್ರಿ, ನಿಮ್ಮ ಪೆಟಗಿಗೆ ಜಾಗಾ ಬಿಡ್ರಿ ಅಂತ."

ಭರಮಣ್ಣ ರುಮಾಲು ಝಾಡಿಸಿ ಸುತ್ತಿಕೊಂಡ.

"ಬ್ಯಾಡವಾ. ನಮ್ಮಪ್ಪನ್ನ ಅವರು ತಮ್ಮ ಬಾಯಿಲೇ ಕರೀತಿದ್ರು. ನಾ ನನ್ನ ಬಾಯಿಲೇ ಕೇಳತೇನಿ. ನಡುವ ನೀ ಬರಬ್ಯಾಡ."