ನಾಲ್ಕು ಗ್ರಾಂ ಪುಡಿ, ಒಂದು ಚಿಟಿಕೆ ವಿಭೂತಿ

ಗುಡೇಕೋಟೆಯಿಂದ ಹೊರಟು ಕೂಡ್ಲಿಗಿ, ಕೊಟ್ಟೂರು ದಾಟಿ ಓಬಳೇಶ್ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಇಳಿದಾಗ ಒಂಬತ್ತೂವರೆ. ಅವರು ಅತಿಥಿ ಉಪನ್ಯಾಸಕರಾಗಿರುವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಬಾಗಿಲಿಗೆ ಆಗಲೇ ತೋರಣ ಕಟ್ಟಿತ್ತು. ಆಯುಧ ಪೂಜೆಯ ದಿನ ರಜೆ ಇರುವುದರಿಂದ ಹಿಂದಿನ ದಿನವೇ ಪೂಜೆ ಮುಗಿಸುವುದು ಇಲ್ಲಿನ ವಾಡಿಕೆ. ತಕ್ಕಡಿಗೆ ಚೆಂಡು ಹೂವು, ಬರ್ನರುಗಳಿಗೆ ಮೂರು ಪಟ್ಟೆ ವಿಭೂತಿ. ಓಬಳೇಶ್ ನೇರವಾಗಿ ವಿದ್ಯುತ್ ಕುಲುಮೆಯ ಬಳಿ ಹೋದರು. ನಿನ್ನೆ ಸಂಜೆ ಅದರೊಳಗಿಟ್ಟಿದ್ದ ಪಿಂಗಾಣಿ ಬಟ್ಟಲು ಅಲ್ಲಿರಲಿಲ್ಲ. ಮೇಜಿನ ಮೇಲಿತ್ತು, ಮುಚ್ಚಳಕ್ಕೆ ಕುಂಕುಮದ ಬೊಟ್ಟು ಇಟ್ಟುಕೊಂಡು.

"ಬರ್ರಿ ಸಾರ್, ಏಳಕ್ಕ ಬಂದು ಎಲ್ಲಾ ತೊಳ್ದೀನಿ," ಎಂದರು ಬೊಮ್ಮಪ್ಪ. ಕೊಟ್ಟೂರಿನವರು. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಅಟೆಂಡರ್. "ನಿಮ್ಮ ಬಟ್ಟಲಕ್ಕೂ ಪೂಜಿ ಆಗೇತಿ."

"ಮುಚ್ಚಳಕ್ಕಷ್ಟ ಏನು ಬೊಮ್ಮಣ್ಣ?"

"ಮುಚ್ಚಳಕ್ಕ ಕುಂಕುಮ. ಒಳಗ ಒಂದ್ ಚಿಟಿಕಿ ವಿಭೂತಿ. ಮ್ಯಾಲಿದ್ರ ಗಾಳಿಗೆ ಹೋಕ್ಕೈತಿ ಅಂತ ಕಡ್ಡೀಲೆ ಕಲಸೀನಿ. ಅಂಗಡೀದಲ್ಲ ಸಾರ್, ಕೊಟ್ರೇಶನ ಮಠದ್ದು."

ಓಬಳೇಶ್ ಮುಚ್ಚಳ ತೆಗೆದು ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿಯಲ್ಲಿ ಬಿಳಿ. ಏನೂ ಕಾಣಲಿಲ್ಲ.

ಬಟ್ಟಲಿನಲ್ಲಿದ್ದದ್ದು ಜಿಯೋಲೈಟ್ ಎಂಬ ವೇಗವರ್ಧಕ ಪುಡಿ, ನಾಲ್ಕು ಗ್ರಾಂ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನು ಗಾಳಿಯಾಡದಂತೆ ಕಾಯಿಸಿದರೆ ದಟ್ಟ ಹೊಗೆ ಏಳುತ್ತದೆ. ಅದನ್ನು ಈ ಪುಡಿಯ ಮೂಲಕ ಹಾಯಿಸಿದರೆ ಇಂಧನಕ್ಕೆ ಬರುವ ಎಣ್ಣೆ ಸಿಗುತ್ತದೆ. ಪುಡಿಯ ಕಣದೊಳಗಿನ ರಂಧ್ರಗಳು ತೀರಾ ಕಿರಿದು. ಹೊಗೆಯ ದೊಡ್ಡ ಅಣುಗಳು ಒಳಗೆ ಹೋಗಲಾರವು, ಹೋದವು ಹೊರಗೆ ಬರಲಾರವು. ಅಲ್ಲೇ ಸುಟ್ಟು ಮಸಿಯಾಗಿ ದಾರಿ ಮುಚ್ಚುತ್ತವೆ. ನಾಲ್ಕು ಗಂಟೆಯಲ್ಲಿ ಪುಡಿ ಸತ್ತಂತೆ. ಓಬಳೇಶರ ಪಿಎಚ್‌ಡಿ ಕೆಲಸ ಇಷ್ಟೇ: ಆ ಕಣಗಳನ್ನು ಕಾಸ್ಟಿಕ್ ಸೋಡಾದ ತಿಳಿ ದ್ರಾವಣದಲ್ಲಿ ಅರ್ಧ ಗಂಟೆ ಕಾಯಿಸಿ, ಸ್ವಲ್ಪ ಸಿಲಿಕಾ ಕರಗಿಸಿ, ಕಿರಿದಾದ ರಂಧ್ರಗಳ ನಡುವೆ ಅಗಲವಾದ ಓಣಿಗಳನ್ನು ತೆರೆಯುವುದು. ಓಣಿ ತೆರೆದ ಪುಡಿ ಹನ್ನೊಂದು ಗಂಟೆ ದುಡಿಯಿತು.

ಇದನ್ನು ಬೇಗ ಅರ್ಥಮಾಡಿಕೊಂಡವರು ಅವರ ತಾಯಿ ಮೈಲಮ್ಮ, ಗುಡೇಕೋಟೆಯಲ್ಲಿ ಅರವತ್ತು ಕುರಿ ಸಾಕಿರುವವರು. "ರೊಪ್ಪಕ್ಕ ಒಂದ ಬಾಕಲ ಇದ್ರ ಕುರಿ ಒಂದರ ಮ್ಯಾಲೊಂದು ಬಿದ್ದು ಸಾಯ್ತಾವ, ಅಷ್ಟ ಹೌದಲ್ಲೋ?" ಎಂದಿದ್ದರು. ಒಂದು ಗಳಿಗೆ ಬಿಟ್ಟು, "ಹಂಗಂತ ಬೇಲಿ ಎಲ್ಲಾ ಕಿತ್ತೀಯಪ್ಪ, ಆಮ್ಯಾಲ ರೊಪ್ಪ ಎಲ್ಲೈತಿ ಅಂತ ಹುಡುಕಬೇಕು."

ಬೇಲಿ ಕಿತ್ತುಹೋದದ್ದೂ ಉಂಟು. ಅರ್ಧ ಗಂಟೆಯಾದೊಡನೆ ದ್ರಾವಣಕ್ಕೆ ಐಸ್ ಸುರಿದು ಕರಗುವುದನ್ನು ನಿಲ್ಲಿಸಬೇಕು. ಎರಡು ಬಾರಿ ಕರೆಂಟ್ ಹೋಗಿ ಐಸ್ ಸಿಗಲಿಲ್ಲ. ಕಣಗಳ ಗೋಡೆಗಳೇ ಕರಗಿದವು. ಅಂದಿನಿಂದ ಬೊಮ್ಮಪ್ಪ ಬಸ್ ನಿಲ್ದಾಣದ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು, ಗೋಣಿಚೀಲದಲ್ಲಿ ಸುತ್ತಿ ಕಾದು ನಿಲ್ಲುತ್ತಿದ್ದರು. ಸರಿಯಾಗಿ ಬಂದ ಎರಡು ಮಾದರಿಗಳಲ್ಲಿ ಅವರ ಕೈಯೂ ಇದೆ.

ಎರಡು ಸಾಲದು, ಮೂರನೆಯ ಸಲವೂ ಅದೇ ಫಲಿತಾಂಶ ತೋರಿಸಿ ಎಂದು ವಿಶ್ವವಿದ್ಯಾಲಯದ ಸಮಿತಿ ಹೇಳಿತ್ತು. ಆ ಮೂರನೆಯ ಮಾದರಿಯೇ ಈ ಬಟ್ಟಲಿನದು. ಐನೂರೈವತ್ತು ಡಿಗ್ರಿಯಲ್ಲಿ ಕಾಯಿಸಿದ ಮೇಲೆ ಪುಡಿಗೆ ಆಮ್ಲದ ಗುಣ ಬರುತ್ತದೆ. ಕೆಲಸ ಮಾಡುವುದು ಆ ಆಮ್ಲ. ವಿಭೂತಿಯ ಸುಣ್ಣ, ಕ್ಷಾರ ಅದನ್ನು ತಿನ್ನುತ್ತವೆ.

ಓಬಳೇಶ್ ವರಾಂಡಕ್ಕೆ ಬಂದು ಮಾರ್ಗದರ್ಶಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು.

"ತೊಳೀಬಹುದಾ ಸಾರ್?"

"ಆಸಿಡ್‌ನಲ್ಲಿ ತೊಳೆದರೆ ಸುಣ್ಣ ಹೋಗುತ್ತೆ. ಜೊತೆಗೆ ಪುಡಿಯೊಳಗಿನ ಅಲ್ಯೂಮಿನಿಯಂ ಕೂಡ ಸ್ವಲ್ಪ ಕಿತ್ತು ಬರುತ್ತೆ. ಆಮೇಲೆ ಅದು ನಿಮ್ಮ ಮೊದಲಿನ ಪುಡಿ ಅಲ್ಲ, ಓಬಳೇಶ್. ಹೊಸದು ಮಾಡಿ."

"ಮೂಲ ಪುಡಿ ಮುಗೀತು. ತರಿಸಿದರೆ ಹತ್ತು ವಾರ."

"ನೋಂದಣಿ ಅವಧಿ ಎರಡು ಸಲ ವಿಸ್ತರಿಸಿ ಆಗಿದೆಯಲ್ಲಪ್ಪ, ಮೂರನೇ ಸಲ ಕೊಡಲ್ಲ," ಎಂದರು ಅವರು. ಓಬಳೇಶ್ ಫೋನ್ ಜೇಬಿಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಮರಳಿದರು.

ಒಳಗೆ ಬೊಮ್ಮಪ್ಪ ಮಂಡಕ್ಕಿ, ಬೆಲ್ಲ ಹಂಚುತ್ತಿದ್ದರು. ಭೌತಶಾಸ್ತ್ರದ ಗೀತಾಂಜಲಿ ಮೇಡಂ ಬಟ್ಟಲು ನೋಡಿ ನಕ್ಕರು. "ನಿಮ್ಮ ಪುಡಿಗೂ ದೀಕ್ಷೆ ಕೊಟ್ಟಾರಲ್ರಿ! ಇನ್ನ ಡಾಕ್ಟರ್ ಆಗೋದು ಯಾರೂ ತಪ್ಸಂಗಿಲ್ಲ."

"ಅದಕ್ಕ ಹಾಕೀನಿ ಮೇಡಂ," ಎಂದರು ಬೊಮ್ಮಪ್ಪ. ಆಮೇಲೆ ಓಬಳೇಶರ ಮುಖ ನೋಡಿದರು. "ಯಾಕ ಸಾರ್, ಹಾಕಬಾರದಿತ್ತೇನು?"

ಓಬಳೇಶ್ ಅಂಗೈಯಲ್ಲಿದ್ದ ಮಂಡಕ್ಕಿಯನ್ನು ನೋಡಿದರು.

"ಇಲ್ಲ ಬೊಮ್ಮಣ್ಣ. ಚೊಲೋ ಆತು."

ಬಟ್ಟಲಿಗೆ ಮುಚ್ಚಳ ಹಾಕಿ, ತಾರೀಖು ಬರೆದ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು. ಪುಡಿಯ ಪರೀಕ್ಷೆಗೆಂದು ವಿಶ್ವವಿದ್ಯಾಲಯದಲ್ಲಿ ಕಾಯ್ದಿರಿಸಿದ್ದ ದಿನವನ್ನು ಫೋನಿನಲ್ಲೇ ರದ್ದು ಮಾಡಿದರು.

ಈ ತಿಂಗಳ ಮೂವತ್ತೊಂದಕ್ಕೆ ಅವರ ಪಿಎಚ್‌ಡಿ ನೋಂದಣಿ ಮುಗಿಯುತ್ತದೆ.